ಪದ ಪರಿಚಯ: ಹಮಾರ್ತಿಯ

ಹೊಸ ಒಡಂಬಡಿಕೆಯಲ್ಲಿ ನಾವು 'ಪಾಪ' ಎಂದು ಓದುವ ಕಡೆಯಲ್ಲೆಲ್ಲ ಹೆಚ್ಚಾಗಿ ಇರುವ ಗ್ರೀಕ್ ಪದ ಹಮಾರ್ತಿಯ. ಇದರ ಕ್ರಿಯಾಪದ 'ಹಮಾರ್ತಾನೊ'ಗೆ ಗುರಿ ತಪ್ಪು ಎಂಬುದು ಹಳೆಯ ಅರ್ಥ. ಹೋಮರನ ಕಾವ್ಯದಲ್ಲಿ ಎಸೆದ ಈಟಿ ಶತ್ರುವಿಗೆ ತಾಗದೆ ಹೋದರೆ ಈ ಕ್ರಿಯಾಪದವೇ ಬರುತ್ತದೆ. ಅರಿಸ್ಟಾಟಲ್ ದುರಂತ ನಾಯಕನನ್ನು ಕೆಡವುವ ತಪ್ಪಿಗೆ ಹಮಾರ್ತಿಯ ಎಂದೇ ಹೆಸರು ಕೊಟ್ಟ. ಹೀಬ್ರೂ ಧರ್ಮಗ್ರಂಥವನ್ನು ಗ್ರೀಕಿಗೆ ತಂದ ಯೆಹೂದಿ ವಿದ್ವಾಂಸರು 'ಖಾತಾ' ಧಾತುವಿನ ಪದಗಳಿಗೆ ಇದನ್ನು ಬಳಸಿದರು. ನ್ಯಾಯಸ್ಥಾಪಕರು 20:16ರಲ್ಲಿ, ಕೂದಲೆಳೆಯಷ್ಟೂ ಗುರಿ ತಪ್ಪದ 700 ಎಡಚ ಕವಣೆಗಾರರ ಮಾತು ಬರುವಲ್ಲಿ, ಆ ಧಾತುವೇ ಇದೆ.

ನಂಬಿದ ಮೇಲೆ ಪಾಪ ನಿಲ್ಲುತ್ತದೆಯೇ? ಯೋಹಾನನ ಮೊದಲನೆಯ ಪತ್ರದಲ್ಲಿ ಒಂದಕ್ಕೊಂದು ಎದುರಾಗಿ ಕಾಣುವ ಎರಡು ಮಾತುಗಳಿವೆ. ಪಾಪವಿಲ್ಲವೆನ್ನುವವರು ತಮಗೆ ತಾವೇ ಮೋಸಮಾಡಿಕೊಳ್ಳುತ್ತಾರೆ (1:8). ದೇವರಿಂದ ಹುಟ್ಟಿದವನು ಪಾಪ ಮಾಡಲಾರ (3:9). ಎರಡನೆಯ ಕಡೆ ಕ್ರಿಯಾಪದಗಳು ವರ್ತಮಾನ ಕಾಲದಲ್ಲಿವೆ. ಆದ್ದರಿಂದ, ನಿಷಿದ್ಧವಾದದ್ದು ಪಾಪವನ್ನೇ ಬದುಕಿನ ರೂಢಿ ಮಾಡಿಕೊಳ್ಳುವುದು ಎಂದು ಅನೇಕ ವ್ಯಾಖ್ಯಾನಕಾರರು ಬಿಡಿಸುತ್ತಾರೆ.

ವಿಶ್ವಾಸಿ ಏಕಕಾಲದಲ್ಲಿ ನೀತಿವಂತನೂ ಪಾಪಿಯೂ ಹೌದು ಎಂದ ಮಾರ್ಟಿನ್ ಲೂಥರ್. ಜಾನ್ ವೆಸ್ಲಿ 1766ರಲ್ಲಿ ಪ್ರಕಟಿಸಿದ ಕ್ರೈಸ್ತ ಪರಿಪೂರ್ಣತೆಯ ಪುಸ್ತಕದಲ್ಲಿ, ತಿಳಿದೂ ತಿಳಿದೂ ಮಾಡುವ ಪಾಪದಿಂದ ಈ ಜನ್ಮದಲ್ಲೇ ಬಿಡುಗಡೆ ಸಾಧ್ಯ, ಅರಿಯದೆ ಆಗುವ ತಪ್ಪುಗಳು ಮಾತ್ರ ಉಳಿಯುತ್ತವೆ ಎಂದು ವಾದಿಸಿದ.

ಇಬ್ಬರಿಗೂ ಪಾಪದೊಡನೆ ರಾಜಿ ಒಪ್ಪಿಗೆಯಿರಲಿಲ್ಲ. ಬಿದ್ದವನು ಅರಿಕೆ ಮಾಡಿ ಏಳಬೇಕು. ಕ್ಷಮೆ ಸಿಗುತ್ತದೆಂದು ಬೀಳುತ್ತಲೇ ಇರುವುದು ನಂಬಿಕೆಯಲ್ಲ.