ಮಾಲೀಕನ ವಿಮೆ, ಸೊಸೈಟಿಯ ಕಂತು: ಗದಗ ಸೀಮೆಯ ಆರೋಗ್ಯ ರಕ್ಷಣೆ

ಗದಗ ಸೀಮೆಯ ದುಡಿಮೆ ಬೆಳೆದದ್ದು ಹತ್ತಿ ಮತ್ತು ಶೇಂಗಾದ ಸುತ್ತ. 1884ರಲ್ಲಿ ರೈಲು ಬಂದ ಮೇಲೆ ಗದಗ ದೊಡ್ಡ ಹತ್ತಿ ಪೇಟೆಯಾಯಿತು. ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಗಿರಣಿಗಳು, ಶೇಂಗಾ ಒಡೆಯುವ ಯಂತ್ರಗಳು ಒಂದರ ಹಿಂದೊಂದು ಬಂದವು. ಅಲ್ಲಿ ಕೆಲಸ ಸುಗ್ಗಿಯ ಕೆಲವು ತಿಂಗಳು ಮಾತ್ರ. ಉಳಿದ ದಿನಗಳಲ್ಲಿ ಅದೇ ಆಳು ಹೊಲದ ಕೂಲಿಗೋ ಅಡತಿ ಅಂಗಡಿಯ ಹಮಾಲಿಗೋ ಹೋಗಬೇಕು. ಬೆಟಗೇರಿಯ ನೇಕಾರರ ಮಗ್ಗ ಇದ್ದದ್ದು ಮನೆಯೊಳಗೆ. ವರ್ಷವಿಡೀ ಇವನೇ ನನ್ನ ಮಾಲೀಕ ಎಂದು ಒಬ್ಬನನ್ನು ತೋರಿಸಬಲ್ಲ ದುಡಿಮೆಗಾರರು ಇಲ್ಲಿ ಕಡಿಮೆ. ಚಿಕಿತ್ಸೆಯ ಖರ್ಚನ್ನು ಮಾಲೀಕ ಕಟ್ಟುವ ವಿಮೆ ಭರಿಸಬೇಕೇ, ಸರ್ಕಾರವೇ ಎಲ್ಲರಿಗೂ ಒದಗಿಸಬೇಕೇ ಎಂಬ ಚರ್ಚೆ ಈ ಭಾಗದಲ್ಲಿ ಮೂರನೆಯ ದಾರಿಯೊಂದನ್ನು ಹಿಡಿದದ್ದು ಇದರಿಂದಲೇ.

ಸ್ವಾತಂತ್ರ್ಯಕ್ಕೆ ಮೊದಲು ಈ ಊರುಗಳಿಗೆ ಒಂದೇ ಸರ್ಕಾರವೂ ಇರಲಿಲ್ಲ. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಸರ್ಕಾರಗಳ ಹೊರಗೆ, 1841ರಿಂದ ಬೆಟಗೇರಿಯಲ್ಲಿ ನೆಲೆಯೂರಿದ್ದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 20ನೇ ಶತಮಾನದ ಆರಂಭದಲ್ಲಿ ಅಲ್ಲಿ ಆಸ್ಪತ್ರೆ ತೆರೆಯಿತು.

ದೇಶದ ಮಟ್ಟದಲ್ಲಿ ಎರಡು ವಾದಗಳು ಎದುರುಬದುರಾದದ್ದು 1940ರ ದಶಕದಲ್ಲಿ. ಅರ್ಥಶಾಸ್ತ್ರಜ್ಞ ಬಿ.ಪಿ. ಅಡಾರ್ಕರ್ 1944ರಲ್ಲಿ ಕಾರ್ಖಾನೆ ಕಾರ್ಮಿಕರಿಗಾಗಿ ವಿಮೆಯ ಯೋಜನೆ ಕೊಟ್ಟರು. ಅದು 1883ರಲ್ಲಿ ಜರ್ಮನಿ ಹಾಕಿಕೊಟ್ಟ, ಮಾಲೀಕ ಮತ್ತು ಕಾರ್ಮಿಕ ಇಬ್ಬರೂ ಕಂತು ಕಟ್ಟುವ ಮಾದರಿಗೆ ಹತ್ತಿರವಾದದ್ದು. ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು 1946ರಲ್ಲಿ ಸರ್ಕಾರವೇ ನೇಮಿಸಿದ್ದ ಭೋರ್ ಸಮಿತಿ ಹೇಳಿತು. ಬ್ರಿಟನ್ 1948ರ ಜುಲೈನಲ್ಲಿ ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಆರಂಭಿಸಿತು. ಭಾರತ ಅದೇ ವರ್ಷ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, ಅಂದರೆ ಇಎಸ್‌ಐ ಕಾಯ್ದೆ, ತಂದಿತು. ಭೋರ್ ಸಮಿತಿಯ ಆಶಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ರೂಪದಲ್ಲಿ, ಬಹಳ ನಿಧಾನವಾಗಿ, ಹಳ್ಳಿಗಳಿಗೆ ಬಂತು.

ಇಎಸ್‌ಐ ಕಾಯ್ದೆಯಲ್ಲಿ ಗದಗಿಗೆ ನೇರವಾಗಿ ತಟ್ಟುವ ಒಂದು ವಿಧಿಯಿತ್ತು. ಹಂಗಾಮಿನ ಕಾರ್ಖಾನೆಗಳು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಹಂಗಾಮಿನವು ಯಾವುವು ಎಂಬ ಪಟ್ಟಿಯ ಆರಂಭದಲ್ಲೇ ಹತ್ತಿ ಜಿನ್ನಿಂಗ್, ಹತ್ತಿ ಪ್ರೆಸ್ಸಿಂಗ್, ಶೇಂಗಾ ಸಿಪ್ಪೆ ಸುಲಿಯುವುದು ಇದ್ದವು. ಈ ಊರಿನ ಮುಖ್ಯ ಕೈಗಾರಿಕೆಗಳನ್ನೇ ಒಂದೊಂದಾಗಿ ಹೆಸರಿಸಿ ಹೊರಗಿಟ್ಟಂತಾಯಿತು. ಅರಳೆಯ ಧೂಳು ಕುಡಿದು ಕೆಮ್ಮುವ ಆಳಿಗೆ ಕಾರ್ಖಾನೆ ಇತ್ತು, ಮಾಲೀಕನೂ ಇದ್ದ, ವಿಮೆ ಮಾತ್ರ ಇರಲಿಲ್ಲ. ಇದು ಸಣ್ಣ ಅನ್ಯಾಯವಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಹಂಗಾಮಿನ ಕಾರ್ಖಾನೆಗಳನ್ನು ಹಾಗೆಯೇ ಹೊರಗಿಟ್ಟಿದೆ.

ಮಾಲೀಕನಿಲ್ಲದವರನ್ನು ಒಟ್ಟುಗೂಡಿಸುವ ಇನ್ನೊಂದು ಸಂಸ್ಥೆ ಈ ಸೀಮೆಯಲ್ಲಿ ಮೊದಲೇ ಬೇರೂರಿತ್ತು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಉದ್ದೇಶ. ಮುಂದೆ ಹುಲಕೋಟಿಯ ಕೆ.ಎಚ್. ಪಾಟೀಲರು ಸಹಕಾರವನ್ನು ಜಿಲ್ಲೆಯ ರಾಜಕೀಯದ ಬೆನ್ನೆಲುಬಾಗಿಸಿದರು. ಸುಮಾರು ನೂರು ವರ್ಷಗಳ ನಂತರ, 2003ರಲ್ಲಿ, ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಸಲಹೆಯಂತೆ ರಾಜ್ಯದಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ನಿಂತದ್ದು ಇಂಥ ಸೊಸೈಟಿಗಳ ಮೇಲೆಯೇ. ತಲೆಗೆ ವರ್ಷಕ್ಕೆ 60 ರೂಪಾಯಿ. ಕಂತು ಸಂಗ್ರಹಿಸುವವನು ಊರಿನ ಸೊಸೈಟಿಯ ಕಾರ್ಯದರ್ಶಿ. ವಿಮಾ ಕಂಪನಿ ಇರಲಿಲ್ಲ. ಟ್ರಸ್ಟ್ ಒಂದು ಆಸ್ಪತ್ರೆಗಳೊಡನೆ ದರ ನಿಗದಿ ಮಾಡಿಕೊಂಡು ಶಸ್ತ್ರಚಿಕಿತ್ಸೆಯ ಹಣ ಭರಿಸುತ್ತಿತ್ತು, ಸರ್ಕಾರವೂ ತನ್ನ ಪಾಲು ಸೇರಿಸುತ್ತಿತ್ತು. ಮೊದಲ ವರ್ಷ 16 ಲಕ್ಷ ಜನ ಸೇರಿದರು, ಎರಡನೆಯ ವರ್ಷ 20 ಲಕ್ಷ ದಾಟಿತು. ಕಂತು 120 ರೂಪಾಯಿಗೆ ಏರಿದ ವರ್ಷ ಸಂಖ್ಯೆ 15 ಲಕ್ಷಕ್ಕಿಂತ ಕೆಳಗೆ ಇಳಿಯಿತು. ಒಣ ಬೇಸಾಯದ ಮನೆಗೆ ತಲಾ 60 ರೂಪಾಯಿಯ ಏರಿಕೆಯೂ ಎಷ್ಟು ಭಾರ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಸೊಸೈಟಿಯ ಸದಸ್ಯರಲ್ಲದ ಭೂಹೀನ ಕೂಲಿಗಳಂತೂ ಮೊದಲಿನಿಂದಲೂ ಹೊರಗೇ ಉಳಿದಿದ್ದರು.

ಅವರನ್ನು ತಲುಪಿದ್ದು ತೆರಿಗೆ ಹಣದ ಯೋಜನೆಗಳು. 2010ರಲ್ಲಿ ಕಲಬುರಗಿ ವಿಭಾಗದಲ್ಲೂ ಆಮೇಲೆ ಗದಗ ಸೇರಿದ ಬೆಳಗಾವಿ ವಿಭಾಗದಲ್ಲೂ ಬಂದ ವಾಜಪೇಯಿ ಆರೋಗ್ಯಶ್ರೀ, ಬಿಪಿಎಲ್ ಕಾರ್ಡಿನವರಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಕಂತಿಲ್ಲದೆ ಕೊಟ್ಟಿತು. 2018ರಲ್ಲಿ ಎಲ್ಲ ಯೋಜನೆಗಳನ್ನು ಕೂಡಿಸಿ ಆರೋಗ್ಯ ಕರ್ನಾಟಕ ಮಾಡಿದಾಗ ಯಶಸ್ವಿನಿ ನಿಂತಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ಸಿಕ್ಕಿತು. ಎಪಿಎಲ್ ಕಾರ್ಡಿನ ರೈತನಿಗೆ ದೊರೆತದ್ದು ನಿಗದಿತ ದರದ ಶೇ. 30 ಮಾತ್ರ. ಸಹಕಾರಿಗಳ ಒತ್ತಾಯದ ಮೇಲೆ ಯಶಸ್ವಿನಿ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು: ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000. ಆರೋಗ್ಯ ಕರ್ನಾಟಕ, ಯಶಸ್ವಿನಿ ಎರಡೂ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಯೋಜನೆಗಳು. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ತಿಂಗಳು ತಿಂಗಳು ಬೇಕಾಗುವ ಮಾತ್ರೆಗಳು ಅವುಗಳಲ್ಲಿ ಸೇರಿಲ್ಲ. ಅದಕ್ಕೆ ಶಿರಹಟ್ಟಿ, ಮುಂಡರಗಿಯ ಹಳ್ಳಿಗಳವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು, ಅಲ್ಲಿ ಔಷಧ ಇಲ್ಲದ ದಿನ ಕೈಯಿಂದ ಹಣ ಕೊಟ್ಟು ಕೊಳ್ಳಬೇಕು.