ಲಿನಕ್ಸ್‌ನಲ್ಲಿ ಅಂತರ್ನಿರ್ಮಿತ ಜಾಲ ಯಂತ್ರಾಂಶ

ಅಂತರ್ನಿರ್ಮಿತ ಜಾಲ ಯಂತ್ರಾಂಶವೆಂದರೆ ಗಣಕದ ಒಳಗೇ ಅಳವಡಿಸಲಾದ, ತಂತಿಯ ಮೂಲಕ ಅಥವಾ ನಿಸ್ತಂತುವಾಗಿ ಅಂತರಜಾಲಕ್ಕೆ ಸಂಪರ್ಕ ಕಲ್ಪಿಸುವ ಸಾಧನ. ಲಿನಕ್ಸ್ ಒಂದು ಮುಕ್ತ ಆಕರ ಕಾರ್ಯಾಚರಣ ವ್ಯವಸ್ಥೆ. ಅದರಲ್ಲಿ ಬಹುಪಾಲು ಈಥರ್ನೆಟ್ ಸಾಧನಗಳು ತಾವಾಗಿಯೇ ಕೆಲಸ ಮಾಡುತ್ತವೆ. ಕೆಲವು ವೈಫೈ ಸಾಧನಗಳಿಗೆ ಮಾತ್ರ ಪ್ರತ್ಯೇಕ ತಂತ್ರಾಂಶ ಬೇಕಾಗುತ್ತದೆ.

ಕಾರ್ಯವಿಧಾನ

ವೈಫೈ ಕೆಲಸ ಮಾಡಲು ಸಾಮಾನ್ಯವಾಗಿ ಎರಡು ತಂತ್ರಾಂಶಗಳು ಅಗತ್ಯ. ಮೊದಲನೆಯದು ಡ್ರೈವರ್ ಎಂಬ ಚಾಲಕ ತಂತ್ರಾಂಶ. ಇದು ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಭಾಗವಾಗಿ ಗಣಕದ ಮುಖ್ಯ ಸಂಸ್ಕಾರಕದಲ್ಲಿ ನಡೆಯುತ್ತದೆ. ಎರಡನೆಯದು ಫರ್ಮ್‌ವೇರ್, ಇದನ್ನು ಚಾಲಕವು ಸಾಧನದ ಚಿಪ್‌ಗೆ ತುಂಬುತ್ತದೆ. ಚಾಲಕವು ಮುಕ್ತವಾಗಿದ್ದರೂ ಫರ್ಮ್‌ವೇರ್‌ನ ಆಕರವನ್ನು ತಯಾರಕರು ಪ್ರಕಟಿಸದಿರುವುದು ಸಾಮಾನ್ಯ. ಎರಡರಲ್ಲಿ ಒಂದಿಲ್ಲದಿದ್ದರೂ ಸಾಧನವು ನಿಷ್ಕ್ರಿಯವಾಗಿ ಉಳಿಯುತ್ತದೆ.

ಇತಿಹಾಸ

ಆರಂಭದಲ್ಲಿ ಅನೇಕ ತಯಾರಕರು ಚಿಪ್‌ಗಳ ವಿವರಗಳನ್ನು ಹೊರಗೆಡಹಲಿಲ್ಲ. ವಿಂಡೋಸ್‌ಗಾಗಿ ಬರೆದ ಚಾಲಕವನ್ನೇ ಲಿನಕ್ಸ್‌ನಲ್ಲಿ ಓಡಿಸುವ ಎನ್‌ಡಿಐಎಸ್‌ರ‍್ಯಾಪರ್ ಎಂಬ ಉಪಾಯ ಆಗ ಬಳಕೆಯಲ್ಲಿತ್ತು. ಬ್ರಾಡ್‌ಕಾಮ್ ಚಿಪ್‌ಗಳ ನಡವಳಿಕೆಯನ್ನು ಹೊರಗಿನಿಂದ ಅಭ್ಯಸಿಸಿ ಸ್ವಯಂಸೇವಕರು ಚಾಲಕವನ್ನು ರಚಿಸಿದರು. 2007ರಲ್ಲಿ ಕರ್ನೆಲ್‌ಗೆ ಮ್ಯಾಕ್80211 ಎಂಬ ಸಾಮಾನ್ಯ ನಿಸ್ತಂತು ಚೌಕಟ್ಟು ಸೇರಿತು. 2008ರಲ್ಲಿ ಅಥೆರೋಸ್ ಸಂಸ್ಥೆಯೂ 2010ರಲ್ಲಿ ಬ್ರಾಡ್‌ಕಾಮ್ ಸಂಸ್ಥೆಯೂ ಮುಕ್ತ ಚಾಲಕಗಳನ್ನು ಬಿಡುಗಡೆ ಮಾಡಿದವು. 2023ರಲ್ಲಿ ಹೊರಬಂದ ಡೆಬಿಯನ್ 12ರ ಅಧಿಕೃತ ಸ್ಥಾಪನಾ ಮಾಧ್ಯಮವು ಮುಕ್ತವಲ್ಲದ ಫರ್ಮ್‌ವೇರ್ ಅನ್ನೂ ಒಳಗೊಂಡಿತು.

ದೋಷ ಪತ್ತೆ ಮತ್ತು ಪರಿಹಾರ

ವೈಫೈ ಕಾಣಿಸದಿದ್ದಾಗ ಈ ಕ್ರಮವನ್ನು ಅನುಸರಿಸಬಹುದು:

1. ಎಲ್‌ಎಸ್‌ಪಿಸಿಐ ಅಥವಾ ಎಲ್‌ಎಸ್‌ಯುಎಸ್‌ಬಿ ಆದೇಶದಿಂದ ಚಿಪ್ ಯಾವುದೆಂದು ಗುರುತಿಸುವುದು. ಗಣಕದ ಮಾದರಿಗಿಂತ ಚಿಪ್‌ನ ಹೆಸರೇ ಮುಖ್ಯ. ಒಂದೇ ಮಾದರಿಯ ಎರಡು ಗಣಕಗಳಲ್ಲಿ ಬೇರೆ ಬೇರೆ ಚಿಪ್ ಇರಬಹುದು.
2. ಆರ್‌ಎಫ್‌ಕಿಲ್ ಆದೇಶದಿಂದ ನಿಸ್ತಂತು ಸಾಧನವು ಕೀಲಿಮಣೆಯ ಗುಂಡಿಯಿಂದಲೋ ತಂತ್ರಾಂಶದಿಂದಲೋ ಸ್ಥಗಿತಗೊಂಡಿದೆಯೇ ಎಂದು ನೋಡುವುದು.
3. ಡಿಮೆಸೇಜ್ ಆದೇಶವು ತೋರುವ ಕರ್ನೆಲ್ ಸಂದೇಶಗಳಲ್ಲಿ ಫರ್ಮ್‌ವೇರ್ ಕೊರತೆಯ ಸೂಚನೆಯನ್ನು ಹುಡುಕುವುದು.
4. ಅಗತ್ಯವಾದ ಫರ್ಮ್‌ವೇರ್ ಅಥವಾ ಚಾಲಕವನ್ನು ವಿತರಣೆಯ ಅಧಿಕೃತ ಭಂಡಾರದಿಂದಲೇ ಸ್ಥಾಪಿಸುವುದು.

ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದರೆ ಸಹಿಯಿಲ್ಲದ ಹೊರಗಿನ ಚಾಲಕವನ್ನು ಕರ್ನೆಲ್ ಸ್ವೀಕರಿಸದೆ ಇರಬಹುದು. ಹೊರಗಿನಿಂದ ಸೇರಿಸಿದ ಚಾಲಕವನ್ನು ಕರ್ನೆಲ್ ನವೀಕರಣಗೊಂಡಾಗಲೆಲ್ಲ ಮರುನಿರ್ಮಿಸಬೇಕು. ಡಿಕೆಎಂಎಸ್ ಈ ಕೆಲಸವನ್ನು ತಾನಾಗಿ ನಿರ್ವಹಿಸುತ್ತದೆ.

ಅಂತರಜಾಲವಿಲ್ಲದೆ ಸ್ಥಾಪನೆ

ಅಂತರಜಾಲಕ್ಕಾಗಿ ಚಾಲಕ ಬೇಕು, ಚಾಲಕಕ್ಕಾಗಿ ಅಂತರಜಾಲ ಬೇಕು ಎಂಬುದೇ ಇಲ್ಲಿನ ಮುಖ್ಯ ತೊಡಕು. ನಗರದಲ್ಲಿ ತಂತಿ ಸಂಪರ್ಕದಿಂದ ಇದು ಸುಲಭವಾಗಿ ನೀಗುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಂತಹ ಗುಡ್ಡಗಾಡು ಪ್ರದೇಶಗಳಲ್ಲಿ ಅಡಿಕೆ ತೋಟಗಳ ನಡುವೆ ಮನೆಗಳು ದೂರ ದೂರವಿದ್ದು, ಮೊಬೈಲ್ ದೂರವಾಣಿಯೇ ಅನೇಕರಿಗೆ ಅಂತರಜಾಲದ ಹಾದಿ. ಆಂಡ್ರಾಯ್ಡ್ ದೂರವಾಣಿಯನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಆಯ್ಕೆಯನ್ನು ಚಾಲನೆಗೊಳಿಸಿದರೆ ಲಿನಕ್ಸ್ ಅದನ್ನು ತಂತಿ ಜಾಲವೆಂದೇ ಪರಿಗಣಿಸುತ್ತದೆ. ಸಾಮಾನ್ಯವಾಗಿ ಬೇರೆ ಚಾಲಕ ಬೇಕಾಗುವುದಿಲ್ಲ. ಸಂಕೇತವೇ ದೊರೆಯದ ಕಡೆಗೆ ಅಗತ್ಯ ಕಡತಗಳನ್ನು ಬೇರೆ ಗಣಕದಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಆ ಕಡತಗಳು ಅವಲಂಬಿಸಿರುವ ಇತರ ಕಡತಗಳನ್ನೂ ಜೊತೆಗೆ ಕೊಂಡೊಯ್ಯಬೇಕು.

ಶಿಕ್ಷಣ ಕ್ಷೇತ್ರದಲ್ಲಿ

ಪುತ್ತೂರು ಮತ್ತು ಸುಳ್ಯ ತಾಲೂಕುಗಳಿಗೆ ಹೊಂದಿಕೊಂಡಿರುವ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನವನ್ನು ಗ್ನೂ/ಲಿನಕ್ಸ್‌ನಲ್ಲಿ ಕಲಿಸಲಾಗುತ್ತದೆ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಗಳಿಗಾಗಿ ಅದು ತನ್ನದೇ ಉಬುಂಟು ಆಧಾರಿತ ಆವೃತ್ತಿಯನ್ನು ಸಿದ್ಧಪಡಿಸುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ನಡೆದ ವಿಷಯ ಶಿಕ್ಷಕರ ವೇದಿಕೆಯು ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಪರಿಚಯಿಸಿತು. ಎಲ್ಲ ಗಣಕಗಳಲ್ಲೂ ಒಂದೇ ಆವೃತ್ತಿಯಿದ್ದಾಗ ಒಂದರಲ್ಲಿ ಕಂಡುಕೊಂಡ ಪರಿಹಾರವನ್ನು ಅದೇ ಚಿಪ್ ಇರುವ ಉಳಿದವುಗಳಿಗೂ ಅನ್ವಯಿಸಬಹುದು. ವಿಂಡೋಸ್‌ನ ಹೊಸ ಆವೃತ್ತಿಗಳಿಗೆ ಒಗ್ಗದ ಹಳೆಯ ಗಣಕಗಳನ್ನು ಇನ್ನಷ್ಟು ವರ್ಷ ಬಳಸಲು ಇದರಿಂದ ಅನುಕೂಲವಾಗುತ್ತದೆ.

ಇವನ್ನೂ ನೋಡಿ

* ಲಿನಕ್ಸ್ ಕರ್ನೆಲ್
* ಉಬುಂಟು
* ವೈಫೈ
* ಸ್ವತಂತ್ರ ತಂತ್ರಾಂಶ