ಹಣ್ಣಿನ ಪದರ ಸಿಹಿ

ಹೆಚ್ಚಿದ ತಾಜಾ ಹಣ್ಣು, ಕೆನೆ ಅಥವಾ ನೀರು ಬಸಿದ ಮೊಸರು, ಜೆಲ್ಲಿ, ಬಿಸ್ಕತ್ತು, ಗೋಡಂಬಿ-ದ್ರಾಕ್ಷಿಗಳನ್ನು ಗಾಜಿನ ಲೋಟದಲ್ಲೋ ಅಗಲವಾದ ಬಟ್ಟಲಲ್ಲೋ ಒಂದರ ಮೇಲೊಂದು ಕೂರಿಸಿ ತಣ್ಣಗೆ ಬಡಿಸುವ ತಿನಿಸು. ಓವನ್ನಿನ ಕೆಲಸ ಇದರಲ್ಲಿಲ್ಲ. ಒಲೆ ಬೇಕಾದರೂ ಜೆಲ್ಲಿಯ ನೀರು ಕುದಿಯುವಷ್ಟು ಹೊತ್ತು ಮಾತ್ರ. ಬೇಸಿಗೆಯ ಮದುವೆ, ಹಳದಿ-ಕುಂಕುಮ, ಹುಟ್ಟುಹಬ್ಬ, ರಜೆಗೆ ಬಂದ ನೆಂಟರ ಊಟಗಳಿಗೆ ಇದು ಒಗ್ಗುವುದು ಇದೇ ಕಾರಣಕ್ಕೆ. ಕನ್ನಡ ನಾಡಿನಲ್ಲಿ ಇದರ ಅತ್ಯಂತ ಪ್ರಸಿದ್ಧ ರೂಪ ಕರಾವಳಿಯ ಗಡ್‌ಬಡ್. ಮಹಾರಾಷ್ಟ್ರದಲ್ಲಿ ಶ್ರೀಖಂಡ ಮತ್ತು ಮಾವಿನ ಹಣ್ಣು ಸೇರಿ ಇದಕ್ಕೆ ಬೇರೊಂದು ಬುನಾದಿ ಒದಗಿಸಿವೆ. ಕಡಲ ತಡಿಯ ಉಡುಪಿಯಲ್ಲಿ ನಿಲ್ಲುವ ಪದರ, ಮಹಾರಾಷ್ಟ್ರದ ಮರಾಠವಾಡ ಸೀಮೆಯ ಒಣ ಬಿಸಿಲಿನ ಚಿಕಲಠಾಣಾದಲ್ಲಿ ಅದೇ ರೀತಿ ನಿಲ್ಲುವುದಿಲ್ಲ. ಯಾವುದರ ಮೇಲೆ ಯಾವುದು ಬರಬೇಕೆಂಬುದನ್ನು ಕಣ್ಣಿನ ಅಂದಕ್ಕಿಂತ ಮೊದಲು ಹಣ್ಣಿನೊಳಗಿನ ನೀರು ಮತ್ತು ಊರಿನ ಬಿಸಿಲು ತೀರ್ಮಾನಿಸುತ್ತವೆ.

ಹಿನ್ನೆಲೆ

ಹಣ್ಣನ್ನು ಬೇಯಿಸದೆ ಸಿಹಿ ಮಾಡುವುದು ನಮ್ಮಲ್ಲಿ ಹಳೆಯ ರೂಢಿ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮನೆಗಳಲ್ಲಿ ಬಾಳೆಹಣ್ಣು ಅಥವಾ ಮಾವಿನಹಣ್ಣಿಗೆ ತೆಂಗಿನಕಾಯಿ ಹಾಲು, ಬೆಲ್ಲ, ಏಲಕ್ಕಿ, ಹುರಿದ ಎಳ್ಳು ಬೆರೆಸಿದ ರಸಾಯನ ಒತ್ತು ಶ್ಯಾವಿಗೆಗೂ ನೀರುದೋಸೆಗೂ ಜೊತೆ. ಬಯಲುಸೀಮೆಯಲ್ಲಿ ಮಾವಿನ ಸೀಕರಣೆ ಹೋಳಿಗೆ-ಚಪಾತಿಗಳ ಸಂಗಾತಿ. ಮರಾಠಿ ಮನೆಗಳ ಶಿಕ್ರಣ್ ಹಾಲು-ಬಾಳೆಹಣ್ಣಿನದು. ಮೊಸರನ್ನು ಬಸಿದು ಸಕ್ಕರೆ, ಸುಗಂಧದ್ರವ್ಯ ಬೆರೆಸುವ ಶಿಖರಿಣಿಯ ಉಲ್ಲೇಖ ಎರಡನೆಯ ಚಾವುಂಡರಾಯನ ಕನ್ನಡ ಕೃತಿ ‘ಲೋಕೋಪಕಾರ’ದಲ್ಲಿ, ಅಂದರೆ 11ನೇ ಶತಮಾನದಲ್ಲೇ ಇದೆ. ಇಂದಿನ ಶ್ರೀಖಂಡ ಅದೇ ಕುಲದ್ದು.

ಇವೆಲ್ಲ ಕಲಸಿದ ಸಿಹಿಗಳು. ಪದರಗಳನ್ನು ಬೇರೆ ಬೇರೆಯಾಗಿ ಕಾಣಿಸುವ ಕ್ರಮ ಹೊರಗಿನಿಂದ ಬಂದದ್ದು. ಇಂಗ್ಲೆಂಡಿನಲ್ಲಿ 18ನೇ ಶತಮಾನದ ನಡುವಿನ ಹೊತ್ತಿಗೆ ಬಿಸ್ಕತ್ತು, ಕಸ್ಟರ್ಡ್, ಕೆನೆಗಳ ಟ್ರೈಫಲ್ ರೂಪುಗೊಂಡಿತ್ತು. ಅಮೆರಿಕದಲ್ಲಿ 19ನೇ ಶತಮಾನದ ಕೊನೆಗೆ ಐಸ್‌ಕ್ರೀಮಿನ ಮೇಲೆ ಪಾಕ, ಹಣ್ಣು ಸುರಿಯುವ ಸಂಡೇ ಬಂತು. ಇರಾನಿನ ಕಡೆಯಿಂದ ಬಂದು ಮುಂಬೈಯಲ್ಲಿ ನೆಲೆಸಿದ ಫಲೂದಾ ಉದ್ದ ಲೋಟ, ಉದ್ದ ಚಮಚ, ಕಾಮಕಸ್ತೂರಿ ಬೀಜಗಳ ರುಚಿ ಹತ್ತಿಸಿತ್ತು. ಕರಾವಳಿಯ ಹೋಟೆಲಿನವರ ಕೈಗೆ ಈ ಮೂರೂ ಎಟುಕುವಂತಿದ್ದವು.

ಗಡ್‌ಬಡ್

ಗಡ್‌ಬಡ್ ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಎಂಬುದು ಕರಾವಳಿಯಲ್ಲಿ ಬಳಕೆಯಲ್ಲಿರುವ ಮಾತು. ಗಿರಾಕಿಗಳಿಗೆ ಬೇಗ ಕೊಡಬೇಕಾಗಿ, ಇದ್ದಬದ್ದದ್ದನ್ನೆಲ್ಲ ಒಂದೇ ಲೋಟಕ್ಕೆ ತುಂಬಿದಾಗ ಈ ಹೆಸರು ಬಿತ್ತು ಎಂದು ಕತೆ. ಲೋಟದ ರಚನೆಯಲ್ಲಿ ಮಾತ್ರ ಅವಸರದ ಸುಳಿವಿಲ್ಲ. ತಳದಲ್ಲಿ ಜೆಲ್ಲಿ ಮತ್ತು ಹೆಚ್ಚಿದ ಹಣ್ಣು, ಅದರ ಮೇಲೆ ಒಂದು ಬಗೆಯ ಐಸ್‌ಕ್ರೀಂ, ಮತ್ತೆ ಹಣ್ಣು, ಗೋಡಂಬಿ, ಒಣದ್ರಾಕ್ಷಿ, ಟೂಟಿ ಫ್ರೂಟಿ, ಮತ್ತೊಂದು ಬಗೆಯ ಐಸ್‌ಕ್ರೀಂ, ತುದಿಯಲ್ಲಿ ಚೆರ್ರಿ. ಅಂಗಡಿಯಿಂದ ಅಂಗಡಿಗೆ ಕ್ರಮ ಬದಲಾಗುತ್ತದೆ. ಎರಡು ಮೂರು ಬಗೆಯ ಐಸ್‌ಕ್ರೀಂ ಇರಲೇಬೇಕೆಂಬುದು ಮಾತ್ರ ಎಲ್ಲರೂ ಒಪ್ಪಿದ ನಿಯಮ. ಕಚ್ಚಾ ಪಪ್ಪಾಯಿಯ ತುಣುಕನ್ನು ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಕೊಟ್ಟ ಟೂಟಿ ಫ್ರೂಟಿ ಅಗ್ಗದ ಅಲಂಕಾರವೆಂದು ಹಲವರು ತಳ್ಳಿಹಾಕುತ್ತಾರೆ. ಆದರೆ ಮೆತ್ತನೆಯ ಪದರಗಳ ನಡುವೆ ಹಲ್ಲಿಗೆ ಸಿಗುವಂಥದ್ದು ಅದೇ ಮತ್ತು ಗೋಡಂಬಿ. ಅವೆರಡೂ ಇಲ್ಲದ ಗಡ್‌ಬಡ್ ಸಪ್ಪೆ.

ಮಂಗಳೂರಿನಲ್ಲಿ ಈ ಲೋಟವನ್ನು ಮನೆಮಾತಾಗಿಸಿದ ಶ್ರೇಯಸ್ಸಿನ ದೊಡ್ಡ ಪಾಲು ಪ್ರಭಾಕರ ಕಾಮತ್ 1975ರಲ್ಲಿ ಆರಂಭಿಸಿದ ಐಡಿಯಲ್ ಐಸ್‌ಕ್ರೀಮಿಗೆ ಸಲ್ಲಬೇಕು. ಇದೇ ಕರಾವಳಿಯ ಮೂಲ್ಕಿಯಿಂದ ಹೋದ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ 1984ರಲ್ಲಿ ಮುಂಬೈಯ ಜುಹುವಿನಲ್ಲಿ ‘ನ್ಯಾಚುರಲ್ಸ್’ ತೆರೆದರು. ಕೃತಕ ಪರಿಮಳಕ್ಕೆ ಬದಲು ಸೀತಾಫಲ, ಮಾವು, ಎಳನೀರಿನಂಥ ಹಣ್ಣಿನ ತಿರುಳನ್ನೇ ನಂಬಿದ ಅವರು 2024ರಲ್ಲಿ ತೀರಿಕೊಂಡರು. ಹಣ್ಣನ್ನು ಆರಿಸುವ ಕಣ್ಣು ಅವರಿಗೆ ತಂದೆಯ ಕಸುಬಿನಿಂದ ಬಂದದ್ದು; ಮಹಾರಾಷ್ಟ್ರದ ಐಸ್‌ಕ್ರೀಂ ಅಂಗಡಿಗಳ ಮೇಲೆ ಅದರ ಪ್ರಭಾವ ಸಣ್ಣದಲ್ಲ. ಪುಣೆಯ ಮಸ್ತಾನಿ (ಗಟ್ಟಿ ಮಾವಿನ ಹಾಲಿನ ಮೇಲೆ ಐಸ್‌ಕ್ರೀಂ, ಗೋಡಂಬಿ) ಗಡ್‌ಬಡ್‌ಗೆ ದೂರದ ನೆಂಟ.

ಚಿಕಲಠಾಣಾದ ಬೇಸಿಗೆ

ಛತ್ರಪತಿ ಸಂಭಾಜಿನಗರದ ಪೂರ್ವಕ್ಕೆ, ಜಾಲನಾ ರಸ್ತೆಯಲ್ಲಿ, ವಿಮಾನ ನಿಲ್ದಾಣ ಮತ್ತು ಕೈಗಾರಿಕಾ ಪ್ರದೇಶ ಇರುವ ಭಾಗವೇ ಚಿಕಲಠಾಣಾ. ನಗರದ ತಾಪಮಾನವನ್ನು ಅಳೆಯುವ ಹವಾಮಾನ ವೀಕ್ಷಣಾಲಯವೂ ಇಲ್ಲಿಯದೇ. ಮೇ ತಿಂಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ಗಾಳಿ ಒಣಗಿರುತ್ತದೆ. ಉಡುಪಿಯಲ್ಲಿ ಅದೇ ತಿಂಗಳು 33-34 ಡಿಗ್ರಿ, ಜೊತೆಗೆ ಮೈಗಂಟುವ ತೇವ. ಕಡಲ ತಡಿಯಲ್ಲಿ ಬಿಸ್ಕತ್ತು, ಗೋಡಂಬಿ ಮೆತ್ತಗಾಗುವುದೇ ತೊಂದರೆ; ಮರಾಠವಾಡದಲ್ಲಿ ಕೆನೆ ಕರಗುವುದು, ಐಸ್‌ಕ್ರೀಂ ಮೇಜಿಗೆ ಬರುವ ಮೊದಲೇ ನೀರಾಗುವುದು, ಹೆಚ್ಚಿದ ಹಣ್ಣು ಅಂಚಿನಲ್ಲಿ ಒಣಗುವುದು. ಆದ್ದರಿಂದ ಇಲ್ಲಿಯ ಮನೆಯ ಕೂಟಕ್ಕೆ ಐಸ್‌ಕ್ರೀಮಿನ ಗಡ್‌ಬಡ್‌ಗಿಂತ ಚಕ್ಕಾ ಆಧಾರದ ಪದರ ಸಿಹಿ ಮೇಲು. ನೀರು ಬಸಿದ ಗಟ್ಟಿ ಮೊಸರಿಗೆ ಮರಾಠಿಯಲ್ಲೂ ಉತ್ತರ ಕರ್ನಾಟಕದಲ್ಲೂ ಚಕ್ಕಾ ಎನ್ನುತ್ತಾರೆ. ಅದು ಕರಗುವ ವಸ್ತುವಲ್ಲ, ಹೆಚ್ಚೆಂದರೆ ಸಡಿಲಾಗುತ್ತದೆ.

ಯುಗಾದಿಯ ದಿನವೇ ಬರುವ ಗುಡಿ ಪಾಡ್ವಾಕ್ಕೆ ಶ್ರೀಖಂಡ-ಪೂರಿ, ಆಮೇಲೆ ಅಕ್ಷಯ ತೃತೀಯದವರೆಗೆ ಚೈತ್ರಗೌರಿಯ ಹಳದಿ-ಕುಂಕುಮ, ಅಂದಿನಿಂದ ಆಮ್ರಸದ ಸುಗ್ಗಿ: ಮರಾಠಿ ಮನೆಗಳ ಬೇಸಿಗೆ ಪಂಕ್ತಿ ಹೀಗೆ ಸಾಗುತ್ತದೆ. ಚಕ್ಕಾ ಮತ್ತು ಮಾವು ಹೇಗಿದ್ದರೂ ಮನೆಯಲ್ಲಿರುವ ಕಾಲ ಅದು.

ಹಣ್ಣಿನ ಆಯ್ಕೆ

ಸುತ್ತಲಿನ ಸೀಮೆ ಹಣ್ಣಿಗೆ ಹೆಸರುವಾಸಿ. ಮರಾಠವಾಡಾ ಕೇಸರ್ ಮಾವು, ಜಾಲನಾದ ಮೂಸಂಬಿ, ಬೀಡಿನ ಸೀತಾಫಲ, ನಾಶಿಕದ ದ್ರಾಕ್ಷಿ ನಾಲ್ಕಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಕೇಸರ್ ಮೂಲತಃ ಗುಜರಾತಿನ ಜುನಾಗಢದ ತಳಿ. ನಾರಿಲ್ಲದ ಗಟ್ಟಿ ತಿರುಳು, ಕಡು ಕಿತ್ತಳೆ ಬಣ್ಣ. ಚೌಕವಾಗಿ ಹೆಚ್ಚಿದರೆ ಅಂಚು ಉಳಿಯುತ್ತದೆ, ನೀರು ಬಿಡುವುದು ಕಡಿಮೆ. ಪದರ ಸಿಹಿಗೆ ಇದಕ್ಕಿಂತ ಒಳ್ಳೆಯ ಮಾವು ಹುಡುಕಬೇಕಿಲ್ಲ. ರಸಪೂರಿಯಂಥ ರಸದ ಹಣ್ಣುಗಳು ಸೀಕರಣೆಗೇ ಸರಿ, ಲೋಟದಲ್ಲಿ ಅವು ಎಲ್ಲ ಪದರಕ್ಕೂ ಹರಡಿಕೊಳ್ಳುತ್ತವೆ.

ನಾಶಿಕದ ದ್ರಾಕ್ಷಿ ಏಪ್ರಿಲ್ ಹೊತ್ತಿಗೆ ಮುಗಿಯುತ್ತ ಬರುತ್ತದೆ. ಸಿಕ್ಕಷ್ಟು ದಿನ ಇಡಿಯಾಗಿ ಹಾಕಬೇಕು; ಸೀಳಿದರೆ ರಸ ಸೋರುತ್ತದೆ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ನೀರು, ಅದಕ್ಕೆ ಪದರದೊಳಗೆ ಜಾಗವಿಲ್ಲ. ಬಡಿಸುವಾಗ ತುದಿಯಲ್ಲಿಟ್ಟರೆ ಸಾಕು. ಬಾಳೆಹಣ್ಣು, ಸೇಬುಗಳ ಕೊಯ್ದ ಮೈ ಗಾಳಿ ತಾಗಿ ಕಂದುವುದು ಅವುಗಳೊಳಗಿನ ಕಿಣ್ವದಿಂದ. ನಿಂಬೆರಸ ಸವರಿದರೆ ಅದು ನಿಧಾನವಾಗುತ್ತದೆ, ಆದರೂ ಬಾಳೆಯನ್ನು ಕಡೆಯಲ್ಲೇ ಹೆಚ್ಚುವುದು ಒಳ್ಳೆಯದು.

ಹೆಚ್ಚಿದ ಹಣ್ಣಿಗೆ ಸಕ್ಕರೆ ಉದುರಿಸಿ ಇಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಸಕ್ಕರೆ ಹಣ್ಣಿನೊಳಗಿನ ನೀರನ್ನು ಹೊರಗೆಳೆಯುತ್ತದೆ, ಅರ್ಧ ಗಂಟೆಯಲ್ಲಿ ಬಟ್ಟಲ ತಳದಲ್ಲಿ ರಸ ನಿಂತಿರುತ್ತದೆ. ಕುಡಿಯುವ ಫ್ರೂಟ್ ಸಲಾಡಿಗೆ ಅದು ವರ. ಪದರಕ್ಕಾದರೆ ಸಿಹಿಯನ್ನೆಲ್ಲ ಚಕ್ಕಾದಲ್ಲೇ ಸೇರಿಸಿ ಹಣ್ಣನ್ನು ಹಾಗೆಯೇ ಬಿಡಬೇಕು.

ಅನಾನಸ್, ಪಪ್ಪಾಯಿ, ಕಿವಿ ಹಣ್ಣುಗಳ ವಿಷಯದಲ್ಲಿ ಎಚ್ಚರ ಬೇಕು. ಅನಾನಸಿನ ಬ್ರೋಮಲೈನ್, ಪಪ್ಪಾಯಿಯ ಪಪೈನ್, ಕಿವಿಯ ಆಕ್ಟಿನಿಡಿನ್ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು. ಹಸಿ ಅನಾನಸ್ ಮೊಸರು ಅಥವಾ ಹಾಲಿನೊಂದಿಗೆ ಕೆಲ ಹೊತ್ತು ಇದ್ದರೆ ಕಹಿಯಾಗುವುದು ಇದರಿಂದಲೇ. ತುಂಡುಗಳನ್ನು ಸ್ವಲ್ಪ ಸಕ್ಕರೆ ನೀರಿನಲ್ಲಿ ಕೆಲವು ನಿಮಿಷ ಕುದಿಸಿ ಆರಿಸಿದರೆ ಕಿಣ್ವ ಸಾಯುತ್ತದೆ, ಆಮೇಲೆ ಭಯವಿಲ್ಲ.

ಜೆಲ್ಲಿ: ಜೆಲಟಿನ್ ಮತ್ತು ಚೈನಾ ಗ್ರಾಸ್

ಜೆಲಟಿನ್ ಪ್ರಾಣಿಗಳ ಚರ್ಮ-ಮೂಳೆಗಳಿಂದ ತೆಗೆದ ಪ್ರೋಟೀನು. ಅದು ಸುಮಾರು 30ರಿಂದ 35 ಡಿಗ್ರಿಯಲ್ಲೇ ಕರಗುತ್ತದೆ; ಬಾಯಲ್ಲಿ ಜಾರುವ ಸುಖ ಅದರಿಂದ. ಚಿಕಲಠಾಣಾದ ಮೇ ಮಧ್ಯಾಹ್ನದಲ್ಲಿ ಅದು ಬಾಯಿಗೆ ಬರುವ ಮೊದಲೇ ಕರಗಿರುತ್ತದೆ. ಹಸಿ ಅನಾನಸ್ ಬಿದ್ದರೆ ಗಟ್ಟಿಯಾಗುವುದೇ ಇಲ್ಲ. ಕಡಲಕಳೆಯಿಂದ ತೆಗೆಯುವ ಚೈನಾ ಗ್ರಾಸ್, ಅಂದರೆ ಅಗರ್, ಪ್ರೋಟೀನಲ್ಲ. ಹಣ್ಣಿನ ಕಿಣ್ವ ಅದನ್ನು ಮುಟ್ಟದು. ಸುಮಾರು 40 ಡಿಗ್ರಿಗಿಂತ ಕೆಳಗೆ ಇಳಿಯುತ್ತ ಗಟ್ಟಿಯಾಗುವ ಅದು ಮತ್ತೆ ಕರಗಬೇಕಾದರೆ 85 ಡಿಗ್ರಿಯ ಆಸುಪಾಸು ಬೇಕು. ಸಸ್ಯಾಹಾರಿ ಅತಿಥಿಗಳು ಹೆಚ್ಚಿರುವ ಮನೆಗಳಲ್ಲಿ ಮೊದಲೇ ಅದಕ್ಕೆ ಮನ್ನಣೆಯಿತ್ತು. ಬಿಸಿ ನಾಡಿಗೆ ಅದು ಗುಣದಲ್ಲೂ ಮೇಲು. ಬಾಯಲ್ಲಿ ಜೆಲಟಿನ್‌ನಂತೆ ಜಾರದೆ ತುಸು ಮುರಿಯುತ್ತದೆ ಎಂಬ ಕೊರತೆಯನ್ನು ತೆಳು ಪದರ ಮರೆಸುತ್ತದೆ.

ಚೈನಾ ಗ್ರಾಸನ್ನು ನೀರಿನಲ್ಲಿ ನೆನೆಸಿ, ಎಳೆ ಪೂರ್ತಿ ಕರಗುವವರೆಗೆ ಕುದಿಸಬೇಕು. ಹುಳಿ ರಸದ ಜೊತೆ ಕುದಿಸಿದರೆ ಅದರ ಕಟ್ಟು ಸಡಿಲವಾಗುತ್ತದೆ, ಆದ್ದರಿಂದ ಮೂಸಂಬಿ ರಸವನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸುವುದು. ರಸ ಫ್ರಿಜ್ಜಿನ ತಂಪಿನದಾಗಿರಬಾರದು. ತಣ್ಣನೆಯ ರಸ ಬಿದ್ದಲ್ಲೇ ಅಗರ್ ಗಂಟುಕಟ್ಟುತ್ತದೆ.

ಚಕ್ಕಾ ಮತ್ತು ಕೆನೆ

ಪೊಟ್ಟಣದಲ್ಲಿ ಸಿಗುವ ಸಾಮಾನ್ಯ ತಾಜಾ ಕ್ರೀಮಿನಲ್ಲಿ ಕೊಬ್ಬು ಸುಮಾರು ಶೇ 25. ಎಷ್ಟು ಕಡೆದರೂ ಅದು ಉಬ್ಬಿ ನಿಲ್ಲುವುದಿಲ್ಲ. ಅದಕ್ಕೆ ಶೇ 30ಕ್ಕಿಂತ ಹೆಚ್ಚು ಕೊಬ್ಬು ಮತ್ತು ಒಳ್ಳೆಯ ತಂಪು ಬೇಕು. ಪಾತ್ರೆಯನ್ನು ಮಂಜುಗಡ್ಡೆಯ ಮೇಲಿಟ್ಟು ಕಡೆಯುವುದು ವಾಡಿಕೆ. ಚಕ್ಕಾಕ್ಕೆ ಈ ಪಾಡಿಲ್ಲ. ತೆಳು ಬಟ್ಟೆಯಲ್ಲಿ ಮೊಸರು ಕಟ್ಟಿ ಜಾಲರಿಯ ಮೇಲಿಟ್ಟು ಆರೆಂಟು ಗಂಟೆ ಬಸಿಯಬೇಕು, ಬೇಸಿಗೆಯಲ್ಲಿ ಫ್ರಿಜ್ಜಿನೊಳಗೇ. ಹೊರಗೆ ತೂಗುಹಾಕಿದರೆ ಸಂಜೆಯೊಳಗೆ ಹುಳಿ ಏರುತ್ತದೆ. ಕೆನೆ ತೆಗೆಯದ ಹಾಲಿನ ಒಂದು ಲೀಟರ್ ಮೊಸರಿಗೆ ಸುಮಾರು 400 ಗ್ರಾಂ ಚಕ್ಕಾ ಬರುತ್ತದೆ. ಶ್ರೀಖಂಡಕ್ಕೆ ಚಕ್ಕಾದಷ್ಟೇ ಸಕ್ಕರೆ ಹಾಕುವವರಿದ್ದಾರೆ. ಹಣ್ಣಿನ ಪದರಕ್ಕೆ ಅದರ ಕಾಲು ಭಾಗ ಸಾಕು, ಇಲ್ಲವಾದರೆ ಮಾವು ಹುಳಿಯೆನಿಸುತ್ತದೆ.

ಎಂಟು ಲೋಟಕ್ಕೆ

ಮಧ್ಯಮ ಗಾತ್ರದ ಎಂಟು ಗಾಜಿನ ಲೋಟಗಳಿಗೆ ಬೇಕಾಗುವುದು ಒಂದು ಕಿಲೋ ಕೇಸರ್ ಮಾವು, 400 ಗ್ರಾಂ ಚಕ್ಕಾ, 100 ಗ್ರಾಂ ಪುಡಿ ಸಕ್ಕರೆ, 100 ಗ್ರಾಂ ಮಾರಿ ಬಿಸ್ಕತ್ತು, 4 ಗ್ರಾಂ ಚೈನಾ ಗ್ರಾಸ್, 250 ಮಿಲಿಲೀಟರ್ ಮೂಸಂಬಿ ರಸ, ಒಂದು ಹಿಡಿ ಗೋಡಂಬಿ, ಏಲಕ್ಕಿ, ನಾಲ್ಕೆಳೆ ಕೇಸರಿ. ಹಿಂದಿನ ರಾತ್ರಿಯೇ ಚೈನಾ ಗ್ರಾಸನ್ನು 150 ಮಿಲಿಲೀಟರ್ ನೀರಿನಲ್ಲಿ ಕುದಿಸಿ ಕರಗಿಸಿ, ಮೂಸಂಬಿ ರಸ ಬೆರೆಸಿ ಲೋಟಗಳ ತಳಕ್ಕೆ ಹಂಚಿ ಫ್ರಿಜ್ಜಿನಲ್ಲಿಡಬೇಕು. ತಳದ ಪದರ ಮುಟ್ಟಿದರೆ ಬೆರಳಿಗೆ ಅಂಟದಂತಾದ ಮೇಲೆ ಮುಂದಿನದು. ಚಕ್ಕಾಕ್ಕೆ ಸಕ್ಕರೆ, ಏಲಕ್ಕಿ, ಹಾಲಿನಲ್ಲಿ ನೆನೆದ ಕೇಸರಿ ಬೆರೆಸಿ ಜಾಲರಿಯಲ್ಲಿ ಉಜ್ಜಿದರೆ ನುಣುಪಾಗುತ್ತದೆ.

ಬೆಳಿಗ್ಗೆ ಜೆಲ್ಲಿಯ ಮೇಲೆ ಅರ್ಧ ಚಕ್ಕಾ, ಅದರ ಮೇಲೆ ಮಾವಿನ ಚೌಕಗಳು, ಉಳಿದ ಚಕ್ಕಾ. ಚಕ್ಕಾದ ಕೊಬ್ಬು ಹಣ್ಣಿನ ನೀರು ಕೆಳಗಿಳಿಯದಂತೆ ತಡೆಯುತ್ತದೆ. ಹಣ್ಣು ಎರಡು ಚಕ್ಕಾ ಪದರಗಳ ನಡುವೆ ಇರಬೇಕೆನ್ನುವುದು ಇದಕ್ಕಾಗಿ. ಪುಡಿ ಮಾಡಿದ ಬಿಸ್ಕತ್ತು, ಹುರಿದ ಗೋಡಂಬಿ ಬಡಿಸುವ ಹೊತ್ತಿಗೆ ಮೇಲೆ ಬೀಳಬೇಕು. ಬಿಸ್ಕತ್ತನ್ನು ತಳದಲ್ಲಿ ಹಾಸುವುದು ಪುಸ್ತಕಗಳಲ್ಲಿ ಕಾಣುವ ಕ್ರಮ. ಕೇಕಿನಂತೆ ಮೆತ್ತಗೆ ಬೇಕೆನ್ನುವವರು ಹಾಲಿನಲ್ಲಿ ಅದ್ದಿ ಹಾಗೆ ಮಾಡಬಹುದು, ಗರಿಗರಿ ಬೇಕೆನ್ನುವವರಿಗೆ ಅದು ಒದಗದು.

ಬಡಿಸುವುದು, ಉಳಿಸುವುದು

ಹೆಚ್ಚಿದ ಹಣ್ಣು ಮತ್ತು ಹಾಲಿನ ಪದಾರ್ಥ ಫ್ರಿಜ್ಜಿನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಗಾಳಿಯ ಉಷ್ಣತೆ 32 ಡಿಗ್ರಿ ಮೀರಿದರೆ ಒಂದೇ ಗಂಟೆ. ಮರಾಠವಾಡದ ಬೇಸಿಗೆಯಲ್ಲಿ ಎರಡನೆಯದೇ ಲೆಕ್ಕ. ಮಂಟಪದಲ್ಲಿ, ಮನೆಯ ಮಾಳಿಗೆಯಲ್ಲಿ ಊಟವಿದ್ದರೆ ಲೋಟಗಳನ್ನು ಮಂಜುಗಡ್ಡೆ ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ ಪಂಕ್ತಿಗೆ ಬೇಕಾದಷ್ಟನ್ನೇ ಹೊರತರಬೇಕು. ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಕೂತಿರುವ ಊಟದಲ್ಲಿ ಹಸಿ ಮೊಟ್ಟೆ ಬಳಸುವ ವಿದೇಶಿ ಪಾಕಗಳನ್ನು ಬಿಟ್ಟುಬಿಡುವುದೇ ಸರಿ.

ಕಟ್ಟಿದ ಲೋಟ ಫ್ರಿಜ್ಜಿನಲ್ಲಿ ಒಂದು ದಿನ ಚೆನ್ನಾಗಿರುತ್ತದೆ, ಎರಡನೆಯ ದಿನ ಮಾವು ನೀರು ಬಿಡುತ್ತದೆ. ಫ್ರೀಜರಿನಲ್ಲಿಟ್ಟರೆ ಅಗರ್ ಜೆಲ್ಲಿ ಮಂಜುಗಟ್ಟಿ, ಕರಗುವಾಗ ನೀರನ್ನೆಲ್ಲ ಬಿಟ್ಟು ಸ್ಪಂಜಿನಂತೆ ಉಳಿಯುತ್ತದೆ. ಫ್ರೀಜರಿಗೆ ತಕ್ಕದ್ದು ತಿರುಳು ಮಾತ್ರ. ಬೀಡಿನ ಸೀತಾಫಲ ಬರುವುದು ಮಳೆಗಾಲದ ಕೊನೆಗೆ. ಬೀಜ ಬಿಡಿಸಿದ ತಿರುಳನ್ನು ಆಗ ಗಟ್ಟಿಯಾಗಿ ಹೆಪ್ಪುಗಟ್ಟಿಸಿಟ್ಟುಕೊಂಡವರು ಮುಂದಿನ ಮೇ ತಿಂಗಳಲ್ಲಿ ಮಾವಿನ ಬದಲಿಗೆ ಅದನ್ನೇ ಚಕ್ಕಾಕ್ಕೆ ಕಲಸಿ ಪದರ ಮಾಡುತ್ತಾರೆ. ಅದರ ಜೊತೆಗೆ ಹುಳಿ ಜೆಲ್ಲಿ ಹೊಂದುವುದಿಲ್ಲ, ಹಾಲಿನಲ್ಲಿ ಕುದಿಸಿದ ಚೈನಾ ಗ್ರಾಸ್ ಹೊಂದುತ್ತದೆ.